ಕೋಟಿನ ಬೆನ್ನು

ಬೆಳಗಿನಿಂದ ಇವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಪ್ರದರ್ಶನದ ಹಾಲ್ ತುಂಬ ಸುತ್ತುತ್ತಿದ್ದಳು. ಫ್ಯಾಷನ್ ಕಮ್ಯುನಿಕೇಷನ್ ಅಂದರೆ ಬಟ್ಟೆ ಹೊಲಿಯುವುದಲ್ಲ, ಹೊಲಿದ ಬಟ್ಟೆಯ ಬಗ್ಗೆ ಜಗತ್ತಿಗೆ ಹೇಳುವುದು ಎಂದು ಮನೆಯವರಿಗೆ ನಾಲ್ಕು ವರ್ಷ ಬಿಡಿಸಿ ಹೇಳಿ ಇವಳಿಗೆ ಸಾಕಾಗಿತ್ತು. ಕೊನೆಯ ಪರೀಕ್ಷೆಗೆ ಒಂದು ಫ್ಯಾಷನ್ ಪತ್ರಿಕೆ ಹೊರತರಬೇಕಿತ್ತು, ತಂದಿದ್ದಳು. ಮುಖಪುಟದಲ್ಲಿ ದೊಡ್ಡಮ್ಮ ಹೊಲಿದ ಬೂದು ಕೋಟು, ಕೆಳಗೆ ಇವಳೇ ಬರೆದ ಸಾಲು: ‘ಅಳತೆ ತಪ್ಪದ ಕೈ’. ಅದೇ ಕೋಟು ಈಗ ಪಕ್ಕದಲ್ಲಿ ಗೊಂಬೆಯ ಮೈಮೇಲಿತ್ತು. ಮುಂದಿನಿಂದ ನೋಡಿದರೆ ಒಂದು ಸುಕ್ಕಿಲ್ಲ. ಬೆನ್ನಿಗೆ ಮಾತ್ರ ಏಳು ಕ್ಲಿಪ್ಪು.

ತಪ್ಪು ಇವಳದೇ. ದೊಡ್ಡಮ್ಮನಿಗೆ ಕೊಟ್ಟಿದ್ದು ಮೊದಲು ಒಪ್ಪಿಕೊಂಡಿದ್ದ ಮಾಡೆಲ್ ಹುಡುಗಿಯ ಅಳತೆ. ಫೋಟೊ ತೆಗೆಯುವ ದಿನ ಆ ಪುಣ್ಯಾತ್ಗಿತ್ತಿ ಕೈಕೊಟ್ಟಳು. ಬದಲಿಗೆ ಬಂದವಳು ಒಣಕಲು ಕಡ್ಡಿ. ಕೋಟಿನೊಳಗೆ ಅವಳನ್ನು ಹುಡುಕಬೇಕಿತ್ತು. ಹಿಂದೆ ಕ್ಲಿಪ್ ಹಾಕು, ಎಲ್ಲರೂ ಹಾಕುವುದೇ ಅಂದ ಫೋಟೊಗ್ರಾಫರ್. ಹಾಕಿದಳು. ಇವತ್ತು ಗೊಂಬೆಗೂ ಸಡಿಲವಾದಾಗ ಮತ್ತೆ ಅದನ್ನೇ ಮಾಡಿದ್ದಳು. ದೊಡ್ಡಮ್ಮನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ವರ್ಷದಿಂದ ದೊಡ್ಡಮ್ಮನ ಬಲಗೈ ನಡುಗುತ್ತಿತ್ತು. ಈ ಕೋಟು ಸರಿಯಾಗಿ ಕೂತರೆ ಸರಿ, ಇಲ್ಲದಿದ್ದರೆ ಮೆಷಿನ್ ಯಾರಿಗಾದರೂ ಕೊಟ್ಟು ಅಂಗಡಿ ಮುಚ್ಚುತ್ತೇನೆ ಎಂದು ಆಕೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಫೋಟೊ ನೋಡಿ ಮುಖ ಅಷ್ಟಗಲ ಮಾಡಿಕೊಂಡಿದ್ದಳು.

ಪರೀಕ್ಷಕಿ ಬಂದು ಮುಖಪುಟದ ಆ ಸಾಲನ್ನು ಮೆಚ್ಚಿಕೊಳ್ಳುವ ಹೊತ್ತಿಗೇ ದೊಡ್ಡಮ್ಮ ಒಳಗೆ ಬಂದಳು. ಬಂದವಳು ಮುಖಪುಟ ನೋಡಲಿಲ್ಲ, ನೆಟ್ಟಗೆ ಗೊಂಬೆಯ ಹಿಂದಕ್ಕೆ ಹೋದಳು. ದರ್ಜಿಗಳು ಮೊದಲು ನೋಡುವುದೇ ಬೆನ್ನು. ಇದು ಗೊತ್ತಿದ್ದೂ ಮರೆತ ತನ್ನ ಬುದ್ಧಿಗೆ ಇವಳು ಮನಸ್ಸಿನಲ್ಲೇ ಛೀಮಾರಿ ಹಾಕಿದಳು.

ದೊಡ್ಡಮ್ಮ ಕ್ಲಿಪ್ಪುಗಳ ಮೇಲೆ ಬೆರಳಾಡಿಸಿದಳು. “ಇಷ್ಟೊಂದು ಸಡಿಲ ಮಾಡಿದೀನಾ?” ಅಂದಳು ಮೆಲ್ಲಗೆ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಆ ಕೈ ಮರೆಯಾದದ್ದನ್ನು ಇವಳಿಂದ ನೋಡಲಾಗಲಿಲ್ಲ. ಅಂಕ ಮಣ್ಣುಪಾಲಾದರೂ ಆಗಲಿ ಎಂದು ಪರೀಕ್ಷಕಿಯ ಎದುರೇ ಎಲ್ಲ ಹೇಳಿದಳು: ಅಳತೆ ಬೇರೆಯವಳದು, ಮುಖಪುಟ ಸುಳ್ಳು, ಕ್ಲಿಪ್ ಹಾಕಿದ್ದು ತಾನು. ದೊಡ್ಡಮ್ಮ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡಳು.

“ಚೀಟಿ ಇದೆಯಲ್ಲ ನಿನ್ಹತ್ರ, ಅಳೆದು ನೋಡು,” ಎಂದಳು ಇವಳು.

ದೊಡ್ಡಮ್ಮ ಅಳತೆಯ ಚೀಟಿ ಎಸೆಯುವವಳೇ ಅಲ್ಲ. ಚೀಲದಿಂದ ಚೀಟಿ, ಟೇಪು ಎರಡೂ ಹೊರಬಂದವು. ಇವಳು ಕ್ಲಿಪ್ಪುಗಳನ್ನೆಲ್ಲ ಕಿತ್ತಳು. ಕೋಟು ಗೊಂಬೆಯ ಮೇಲೆ ಜೋಲಿತು. ಇವಳು ಚೀಟಿ ಓದುತ್ತ ಹೋದಳು, ದೊಡ್ಡಮ್ಮ ನಡುಗುವ ಕೈಯಲ್ಲಿ ಟೇಪು ಹಿಡಿದು ಅಳೆಯುತ್ತ ಹೋದಳು. ಎದೆ, ಸೊಂಟ, ಭುಜ, ತೋಳು. ಅನುಮಾನಕ್ಕೆ ಸೊಂಟವನ್ನು ಇನ್ನೊಂದು ಸಲ ಅಳೆದಳು. ಎಲ್ಲೂ ಒಂದು ನೂಲು ಆಚೀಚೆ ಇರಲಿಲ್ಲ.

ದೊಡ್ಡಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ಆಮೇಲೆ ಮುಖಪುಟದ ಹತ್ತಿರ ಹೋದಳು. ಕನ್ನಡಕ ಸರಿಮಾಡಿಕೊಂಡು ಕೋಟಿನ ಕೆಳಗಿನ ಸಾಲು ಓದಿದಳು.

“ಬರೆದಿದ್ದು ಹಾಗೇ ಇರ್ಲಿ. ಫೋಟೊ ಮಾತ್ರ ಬದಲಾಯಿಸು,” ಅಂದಳು.