ಮೊದಲು ಮುಟ್ಟಿದವನು

ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಅವಳನ್ನು ಬೀದಿಯವರೆಲ್ಲ ಗುಂಗುರಕ್ಕ ಎಂದೇ ಕರೆಯುತ್ತಿದ್ದರು. ಎಂಥ ನೆಟ್ಟಗಿನ ಕೂದಲನ್ನೂ ಗುಂಗುರು ಮಾಡಿ ಕಳಿಸುವ ಕೈ ಅದು. ಕತ್ತರಿಗಿಂತ ನಾಲಿಗೆ ಚುರುಕು. ಮುಖ ಊದಿಸಿಕೊಂಡು ಬಂದವರೂ ನಗುತ್ತ ಕುರ್ಚಿಯಿಂದ ಇಳಿಯುತ್ತಿದ್ದರು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಅವಳು, ಅತ್ತೆ, ಇಬ್ಬರೇ. ದಿನಾ ಕಿತ್ತಾಡುತ್ತಿದ್ದರು, ಆದರೆ ಒಬ್ಬರನ್ನೊಬ್ಬರು ಬಿಟ್ಟಿರಲಾರರು.

ಒಂದು ಬೆಳಗ್ಗೆ ಪಾರ್ಲರಿನ ಗ್ಯಾಸ್ ಗೀಸರ್ ಸಿಡಿಯಿತು. ಆಸ್ಪತ್ರೆಯಿಂದ ಮರಳಿದಾಗ ಅವಳ ಎಡಗೆನ್ನೆ, ಕುತ್ತಿಗೆ ಕರಗಿ ಗಟ್ಟಿಯಾದ ಮೇಣದಂತಿದ್ದವು. ಆದರೂ ಅಂಗಡಿ ತೆರೆದಳು. ಹಳೆಯ ಗಿರಾಕಿಗಳು ಬಂದು ಕೂತರು, ಕನ್ನಡಿಯಲ್ಲಿ ಅವಳ ಮುಖ ಕಂಡೊಡನೆ ಕಣ್ಣು ತಗ್ಗಿಸಿದರು, ಆಮೇಲೆ ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಅವಳು ಬೀಗ ಜಡಿದು ಮನೆಯ ಮೂಲೆ ಹಿಡಿದಳು.

"ದೇವರ ಮೇಲೆ ಸಿಟ್ಟಿದ್ರೆ ಅವನ ಮನೆಗೇ ಹೋಗಿ ಬೈದು ಬರೋಣ ನಡಿ. ಇಲ್ಲಿ ಕೂತು ನನ್ನ ತಲೆ ಯಾಕೆ ತಿಂತೀಯ?" ಎಂದು ಅತ್ತೆ ಒಂದು ಭಾನುವಾರ ಚರ್ಚಿಗೆ ಎಳೆದೊಯ್ದರು.

ಮುಸುಕೆಳೆದುಕೊಂಡು ಕೊನೆಯ ಬೆಂಚಿನಲ್ಲಿ ಕೂತಳು. ಪಾಸ್ಟರ್ ಅಂದು ಯೇಸು ಕುಷ್ಠರೋಗಿಯನ್ನು ವಾಸಿಮಾಡಿದ ಸಂಗತಿ ಹೇಳುತ್ತಿದ್ದರು. ಚಿಕ್ಕಂದಿನಿಂದ ಕೇಳಿದ್ದೇ, ಅವಳಿಗೆ ಆಕಳಿಕೆ ಬಂತು.

"ಒಂದು ಗಮನಿಸಿದ್ರಾ?" ಎಂದರು ಪಾಸ್ಟರ್. "ವಾಸಿಯಾಗ್ಲಿ, ಆಮೇಲೆ ಮುಟ್ಟೋಣ ಅನ್ನಲಿಲ್ಲ. ಮೊದಲು ಮುಟ್ಟಿದ. ಮೈಯೆಲ್ಲ ಹುಣ್ಣಿರುವಾಗಲೇ ಮುಟ್ಟಿದ."

ಆಕಳಿಕೆ ಅರ್ಧಕ್ಕೇ ನಿಂತಿತು. ಡಾಕ್ಟರ ಗ್ಲೌಸು ಬಿಟ್ಟರೆ ಆ ಕೆನ್ನೆಯನ್ನು ಯಾರೂ ಮುಟ್ಟಿರಲಿಲ್ಲ. ಅವಳೇ ಕಣ್ಣು ಮುಚ್ಚಿಕೊಂಡು ತೊಳೆಯುತ್ತಿದ್ದಳು. ಈಗ ಅಲ್ಲಿ ಯಾರದೋ ಅಂಗೈ ಇಟ್ಟಂತೆ ಬೆಚ್ಚಗಾಯಿತು. ತಟ್ಟನೆ ಪಕ್ಕಕ್ಕೆ ನೋಡಿದಳು. ಅತ್ತೆಯ ಎರಡೂ ಕೈ ಮಡಿಲಲ್ಲಿದ್ದವು.

"ಬೈದಾಯ್ತಾ?" ಎಂದರು ಅತ್ತೆ, ಹೊರಗೆ ಬರುತ್ತ.

"ಬಾಯೇ ಬರ್ಲಿಲ್ಲ ಅತ್ತೆ."

ಬಾಗಿಲಲ್ಲಿ ಪಾಸ್ಟರ ಹೆಂಡತಿ, ಪಾಸ್ಟರಮ್ಮ, ಅವಳನ್ನು ತಡೆದರು. ಅವರು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನರ್ಸು. "ಅಲ್ಲೊಬ್ಬಳು ಹುಡುಗಿ ಇದ್ದಾಳೆ. ಒಲೆಯ ಬೆಂಕಿಗೆ ಎದೆ, ಕೈ ಸುಟ್ಟಿದೆ. ತಲೆ ಪೂರ್ತಿ ಜಡೆಗಟ್ಟಿದೆ, ಬಾಚಣಿಗೆ ತಂದ್ರೆ ಕಿರುಚ್ತಾಳೆ. ಬೋಳಿಸ್ಬೇಕು ಅಂತಿದ್ದಾರೆ. ನೀನೊಮ್ಮೆ ಬರ್ತೀಯಾ?"

"ನನ್ನ ಮುಖ ನೋಡಿ ಇನ್ನಷ್ಟು ಕಿರುಚ್ತಾಳೆ."

"ಕಿರುಚಿದ್ರೆ ವಾಪಸ್ ಬಾ. ಗಂಟೇನು ಹೋಗತ್ತೆ?"

ಮರುದಿನ ಎಣ್ಣೆಯ ಸೀಸೆ ಹಿಡಿದು ವಾರ್ಡಿನ ಮೆಟ್ಟಿಲು ಹತ್ತಿದಳು. ಕಲಿತ ಪ್ರಾರ್ಥನೆ ಒಂದೂ ನೆನಪಾಗಲಿಲ್ಲ. "ಯೇಸುವೇ, ನೀನೂ ಜೊತೆಗೆ ಬಾ, ಅಷ್ಟೇ" ಎಂದಳು.

ಹುಡುಗಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. "ಹೋಗಿ. ಯಾರೂ ಬೇಡ."

"ಹೋಗ್ತೀನಮ್ಮ. ಬಂದಿದ್ದಕ್ಕೆ ಒಂದ್ಸಲ ಮುಖನಾದ್ರೂ ನೋಡು" ಎಂದು ಗುಂಗುರಕ್ಕ ಮುಸುಕು ತೆಗೆದಳು.

ಹುಡುಗಿ ಹೊರಳಿದಳು. ನೋಡಿದಳು. ಕಣ್ಣು ತಗ್ಗಿಸಲಿಲ್ಲ. "ಈಗ್ಲೂ ನೋಯತ್ತಾ?"

"ಚಳಿಗೆ ಚುರುಚುರು ಅನ್ನತ್ತೆ. ಜಗಳ ಆಡೋಕೇನೂ ತೊಂದರೆ ಇಲ್ಲ."

ಹುಡುಗಿ ಮೆಲ್ಲಗೆ ಮಂಚದ ಅಂಚಿಗೆ ಸರಿದು ತಲೆಯೊಡ್ಡಿದಳು. ಗುಂಗುರಕ್ಕ ಎಣ್ಣೆ ಹಚ್ಚಿ, ಬೆರಳಲ್ಲೇ ಒಂದೊಂದು ಸಿಕ್ಕು ಬಿಡಿಸಿ, ಉಗುರುಬೆಚ್ಚಗಿನ ನೀರು ಹೊಯ್ದಳು. ಅಕ್ಕಪಕ್ಕದ ಮಂಚದವರು ಕತ್ತೆತ್ತಿ ನೋಡಿದರು. ಔಷಧದ ಟ್ರೇ ಹಿಡಿದ ಪಾಸ್ಟರಮ್ಮ ನಿಂತಲ್ಲೇ ನಿಂತರು. ಹುಡುಗಿ ಬಿಕ್ಕುತ್ತಿದ್ದಳು.

"ನೋವಾಯ್ತಾ?"

"ಇಲ್ಲಕ್ಕ. ನಿಲ್ಲಿಸ್ಬೇಡಿ."

ತನ್ನ ಬೆರಳುಗಳನ್ನು ತಾನೇ ಮೊದಲ ಸಲ ಕಂಡವಳಂತೆ ಗುಂಗುರಕ್ಕ ನೋಡುತ್ತ ನಿಂತಳು. ಪಕ್ಕದ ಮಂಚದ ಅಜ್ಜಿ ಕೆಮ್ಮಿತು. "ಆಮೇಲೆ ನಂದೂ ನೋಡು ತಾಯಿ. ನಾಲ್ಕೇ ಎಳೆ ಇರೋದು, ಗುಂಗುರು ಮಾಡೋಕಾಗತ್ತಾ?"

ಹುಡುಗಿ ಅಳುತ್ತಲೇ ನಕ್ಕಳು.

ಮನೆಗೆ ಬಂದವಳು ಎಣ್ಣೆಗೈ ತೊಳೆದಳು. ಆಮೇಲೆ, "ಅತ್ತೆ, ಯೇಸುವನ್ನ ಜೊತೆಗೆ ಬಾ ಅಂತ ಕರೆದಿದ್ದೆ. ಅವನು ನನಗಿಂತ ಮುಂಚೆನೇ ಅಲ್ಲಿ ಹೋಗಿ ಕೂತಿದ್ದ" ಎಂದಳು. ಅತ್ತೆ ಬಿಸಿ ಅನ್ನದ ತಟ್ಟೆಯನ್ನು ಅವಳ ಮುಂದೆ ಸರಿಸಿದರು.

ಪಾರ್ಲರ್ ಮತ್ತೆ ತೆರೆದಿದೆ; ವಾರ್ಡಿನ ಸುದ್ದಿ ಕೇಳಿ ಹಳೆಯ ಗಿರಾಕಿಗಳೂ ಒಬ್ಬೊಬ್ಬರಾಗಿ ಮರಳಿದ್ದಾರೆ. ವಾರಕ್ಕೆರಡು ದಿನ ಮಾತ್ರ, ಅವಳು ವಾರ್ಡಿಗೆ ಹೋದಾಗ, ಮುಚ್ಚಿರುತ್ತದೆ. ಬಂದವರು ಬೀಗ ನೋಡಿ ಗೊಣಗುತ್ತ, ಮರುದಿನ ಮತ್ತೆ ಬರುತ್ತಾರೆ.