ಸುಮ್ಮನೆ ನೋಡುವ ಕೆಲಸ

‘ಕಲಿಯುವವರನ್ನು ನೋಡು, ಕಲಿಸಲು ಹೋಗಬೇಡ.’ ಧಾರವಾಡದ ನನ್ನ ಮಾರ್ಗದರ್ಶಕರು ಹಾಕಿಕೊಟ್ಟ ನಿಯಮ ಇಷ್ಟೇ. ೧೯೮೪ರಲ್ಲಿ ನಾನು ಗಂಗಾವತಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದೆ, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದೆ. ಕನ್ನಡ ಮನೆಮಾತಿನ ಬಿ.ಎ. ವಿದ್ಯಾರ್ಥಿಗಳು ಇಂಗ್ಲಿಷನ್ನು ಹೇಗೆ ಕಲಿಯುತ್ತಾರೆ ಎಂಬುದು ವಿಷಯ. ನನ್ನ ತರಗತಿಯವರು ಆಗುವಂತಿರಲಿಲ್ಲ, ಹಾಗಾಗಿ ಬೇರೆಯವರ ತರಗತಿಯಿಂದ ಆರು ಮಂದಿಯನ್ನು ಆರಿಸಿಕೊಂಡೆ. ಹದಿನಾರು ವಾರ, ವಾರಕ್ಕೆ ಒಂದು ಗಂಟೆ, ಅವರು ಓದುವ ಜಾಗಕ್ಕೇ ಹೋಗಿ ಎದುರಿಗೆ ಕುಳಿತು ನೋಡಿದ್ದನ್ನು ಬರೆದುಕೊಳ್ಳುವುದು. ಇಷ್ಟು ಸುಲಭದ ಕೆಲಸಕ್ಕೆ ಡಾಕ್ಟರೇಟ್ ಕೊಡುತ್ತಾರಲ್ಲ ಎಂದು ಒಳಗೊಳಗೇ ಖುಷಿಯೂ ಇತ್ತು.

ಆರನೆಯವಳು ಮಾರೆವ್ವ. ಹುಲಿಹೈದರದ ಹುಡುಗಿ, ಗಂಗಾವತಿಯಲ್ಲಿ ಸೋದರತ್ತೆ ಹಂಪವ್ವನ ಮನೆಯಲ್ಲಿದ್ದು ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಮೊದಲ ವರ್ಷದ ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಲ ನಪಾಸಾಗಿದ್ದಳು. ಮೂರನೆಯ ಸಲವೂ ಹೋದರೆ ಓದು ಬಿಡಿಸಿ ಊರಿಗೆ ಕರೆದೊಯ್ಯುತ್ತೇನೆ ಎಂದು ಅಪ್ಪ ದುರುಗಪ್ಪ ಹೇಳಿಬಿಟ್ಟಿದ್ದ. ಅವಳಿಗೋ ಹೈಸ್ಕೂಲು ಟೀಚರಾಗುವ ಹಟ. ಅವಳ ಸರದಿ ಶನಿವಾರ. ಮೊದಲ ಶನಿವಾರವೇ ಇದನ್ನೆಲ್ಲ ಹೇಳಿದಳು. ನಾನು ‘ಪ್ರೇರಣೆ: ಪ್ರಬಲ’ ಎಂದು ಬರೆದುಕೊಂಡೆ.

ಅವಳ ಓದೆಂದರೆ ಗೈಡಿನ ಉತ್ತರಗಳನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡುವುದು. ಪ್ರಶ್ನೆಗಳತ್ತ ಕಣ್ಣೂ ಹಾಯಿಸುತ್ತಿರಲಿಲ್ಲ. ಒಂದನೆಯ ಉತ್ತರ ಮುಗಿದ ಕೂಡಲೇ ಎರಡನೆಯದು, ಅದಾದ ಮೇಲೆ ಮೂರನೆಯದು, ಹೀಗೆ ಇಪ್ಪತ್ತೆರಡರ ತನಕ, ಎಮ್ಮೆ ಸಂಜೆ ತಾನಾಗಿ ಮನೆಗೆ ಬಂದಹಾಗೆ. ನಡುವೆ ಅತ್ತೆ ಏನಾದರೂ ಕೇಳಿ ತಡೆದರೆ ಮತ್ತೆ ಒಂದರಿಂದ ಶುರು. ಹಿಂದಿನ ಎರಡು ಸಲ ನಪಾಸಾದದ್ದು ಪೂರ್ತಿ ಬಾಯಿಪಾಠ ಆಗದೇ ಇದ್ದದ್ದಕ್ಕೆ ಎಂದು ಅವಳು ನಂಬಿದ್ದಳು.

ಪರೀಕ್ಷೆಯಲ್ಲಿ ಯಾರೂ ಗೈಡಿನ ಕ್ರಮದಲ್ಲಿ ಕೇಳುವುದಿಲ್ಲ. ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದೇ ಈ ಹುಡುಗಿಗೆ ಗೊತ್ತಿಲ್ಲ ಎಂಬುದು ಎರಡನೆಯ ಶನಿವಾರವೇ ನನಗೆ ತಿಳಿಯಿತು. ‘ಮೊದಲು ಪ್ರಶ್ನೆ ಏನು ಕೇಳುತ್ತದೆ ನೋಡವ್ವಾ’ ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅಂದರೆ ಸಂಶೋಧನೆ ಕೆಡುತ್ತದೆ. ನಿಯಮ ಎಂದಮೇಲೆ ನಿಯಮ.

ಏಳನೆಯ ವಾರ, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಹಂಪವ್ವ ನೇರವಾಗಿ ಕೇಳಿಯೇ ಬಿಟ್ಟಳು. “ಸರ್, ನಮ್ಮ ಹುಡುಗಿ ಓದೂದು ಬರೋಬ್ಬರಿ ಐತೇನ್ರಿ? ದಿನಾ ಗಂಟಲು ಹರಕೋತಾಳ.”

ಮಾರೆವ್ವ ಓದು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

“ನಡೀಲಿ ಬಿಡ್ರಿ,” ಎಂದೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಹೌದೂ ಅಲ್ಲ, ಅಲ್ಲವೂ ಅಲ್ಲ. ನಿಯಮ ಮುರಿಯದೆ ಪಾರಾದೆನೆಂದು ಬೀಗಿದೆ. ಮಾರೆವ್ವ ಹಿಗ್ಗಿನಿಂದ ಮತ್ತೆ ಒಂದರಿಂದ ಶುರುಮಾಡಿದಳು.

ಫಲಿತಾಂಶ ಬಂತು. ಪಾಸಾಗಲು ಮೂವತ್ತೈದು ಬೇಕು, ಅವಳಿಗೆ ಬಂದದ್ದು ಹದಿನೆಂಟು. ಒಂದು ಪ್ರಶ್ನೆಯನ್ನೂ ಬಿಡದೆ ಬರೆದಿದ್ದಳಂತೆ. ಕೇಳಿದ್ದು ಒಂದು, ಬರೆದದ್ದು ಇನ್ನೊಂದು.

ಪರೀಕ್ಷೆಯ ನಂತರದ ಸಂದರ್ಶನವೊಂದು ಬಾಕಿಯಿತ್ತು. ನಾಚಿಕೆಯಿಲ್ಲದೆ ನೋಟ್‌ಬುಕ್ಕು ಹಿಡಿದು ಹೋದೆ. ಬಾಗಿಲಲ್ಲಿ ಅವಳ ಟ್ರಂಕು ಇತ್ತು, ಕಟ್ಟೆಯ ಮೇಲೆ ದುರುಗಪ್ಪ ಬಸ್ಸಿನ ಹೊತ್ತು ಕಾಯುತ್ತ ಕುಳಿತಿದ್ದ.

“ಬರ್ರಿ ಸರ್. ನೀವು ಭಾಳ ತ್ರಾಸು ತಗೊಂಡ್ರಿ. ಏನ್ಮಾಡೂದು, ಆಕಿ ಹಣ್ಯಾಗ ಬರದಿಲ್ಲ,” ಎಂದ. ಎದ್ದು ಕೈ ಬೇರೆ ಮುಗಿದ.

ನಾನು ಪಟ್ಟಿಯಲ್ಲಿದ್ದ ಮೊದಲ ಪ್ರಶ್ನೆಯನ್ನು ಮಾರೆವ್ವನಿಗೆ ಕೇಳಿದೆ. “ನೀ ಓದೂ ರೀತಿ ಸರಿ ಐತಿ ಅಂತ ನಿನಗ ಹೆಂಗ ಅನಿಸ್ತು?”

“ನೀವು ಸುಮ್ನಿದ್ರಲ್ರಿ ಸರ್,” ಎಂದಳು. “ನಮ್ಮ ಹೊಲದಾಗ ಬಿತ್ತೂ ಮುಂದ ಅಜ್ಜ ಬದುವಿನ ಮ್ಯಾಲ ಕುಂದರತಾನ್ರಿ. ಸಾಲು ಸೊಟ್ಟ ಹೊಂಟ್ರ ಅಲ್ಲಿಂದನ ಒದರತಾನ. ಸುಮ್ನ ಕುಂತಾನ ಅಂದ್ರ ಛಲೋ ನಡದೈತಿ ಅಂತ ಅಪ್ಪ ಹಂಗ ಕೂರಿಗಿ ಹೊಡೀತಾನ. ನೀವು ಹದಿನಾರು ವಾರ ಎದುರಿಗೆ ಕುಂತು ನೋಡಿದ್ರಿ. ತಪ್ಪಿದ್ರ ಅಂತಿದ್ರಿ ಅಂತ ತಿಳದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳ ಮುಖ ನೋಡಲಾಗದೆ ಉತ್ತರವನ್ನು ಒಂದಕ್ಷರ ಬಿಡದೆ ಬರೆದುಕೊಂಡೆ. ಮುಂದಿನ ಪ್ರಶ್ನೆಗಳನ್ನು ಕೇಳಲಿಲ್ಲ. ಅಪ್ಪ ಮಗಳು ಮಧ್ಯಾಹ್ನದ ಬಸ್ಸಿಗೆ ಹೋದರು.

ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ, ‘ನೋಡುವವನು ಎದುರಿಗಿದ್ದುದರಿಂದ ವಿದ್ಯಾರ್ಥಿಗಳ ಕಲಿಕೆಯಲ್ಲಿ ಯಾವ ವ್ಯತ್ಯಾಸವೂ ಆಗಿಲ್ಲ’ ಎಂದು ಆಗಲೇ ಬರೆದಾಗಿತ್ತು. ಮಾರೆವ್ವ ಹೇಳಿದ್ದನ್ನು ಸೇರಿಸಿದರೆ ಆ ಮಾತು ಸುಳ್ಳಾಗಿ, ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತಿತ್ತು. ಎರಡು ದಿನ ಯೋಚಿಸಿದೆ. ಎರಡು ದಿನವೂ ಯೋಚಿಸಿದ್ದು ನನ್ನ ಬಗ್ಗೆಯೇ.

೧೯೮೬ರಲ್ಲಿ ಡಾಕ್ಟರೇಟ್ ಬಂತು. ಪ್ರಬಂಧದ ಕೊನೆಯ ಕೋಷ್ಟಕದಲ್ಲಿ ಆರನೆಯ ವಿದ್ಯಾರ್ಥಿಯ ಹೆಸರಿನ ಮುಂದೆ ‘ಸಂದರ್ಶನಕ್ಕೆ ಸಿಗಲಿಲ್ಲ’ ಎಂದಿದೆ.