ಹನ್ನೆರಡು ಕೋಟುಗಳ ತೋಳು

ತೋಳಕ್ಕನಿಗೆ ಆ ಹೆಸರು ಬಂದದ್ದು ಕೋಟಿಗೆ ತೋಳು ಕೂಡಿಸುವ ಕೆಲಸದಿಂದ. ಇಪ್ಪತ್ತಾರು ವರ್ಷ ಒಂದೇ ಹೊಲಿಗೆಮನೆಯಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು ಆಕೆ ಮಾಡಿದ್ದು ಅದೊಂದೇ ಕೆಲಸ. ಹೊಸದಾಗಿ ಸೇರಿದ ಹುಡುಗಿಯರು ಮಾತ್ರ ಇದು ಕಾಡಿನ ತೋಳವೇ ಇರಬೇಕೆಂದುಕೊಂಡು ವಾರಗಟ್ಟಲೆ ಹತ್ತಿರ ಸುಳಿಯುತ್ತಿರಲಿಲ್ಲ. ಆಕೆಯೂ ಅದನ್ನು ತಿದ್ದಲು ಹೋಗಲಿಲ್ಲ. ಸ್ವಲ್ಪ ಹೆದರಿಕೆ ಇದ್ದರೆ ಹೊಲಿಗೆ ನೆಟ್ಟಗೆ ಬರುತ್ತದೆ ಎಂಬುದು ಆಕೆಯ ನಂಬಿಕೆ.

ಆ ಹೊಲಿಗೆಮನೆಯ ಒಡೆಯರು ಹೆಸರಾಂತ ಫ್ಯಾಷನ್ ಡಿಸೈನರ್. ಒಳಗಿನವರಿಗೆ ಬರೀ ಮಾಸ್ಟರು. ಅವರು ತೀರಿಕೊಂಡು ಮೂರು ವರ್ಷದ ಮೇಲೆ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಮೊದಲ ಪ್ರದರ್ಶನಕ್ಕೆ ಹಳೇ ಕೆಲಸಗಾರರಿಗೂ ಪಾಸು ಕಳಿಸಿದ್ದರು. ತೋಳಕ್ಕ ಈಗ ತಾನು ಹೊಲಿಗೆ ಕಲಿಸುವ ನಾಲ್ಕು ಹುಡುಗಿಯರನ್ನು ಕರೆದುಕೊಂಡು ಬಂದಿದ್ದಳು. ಪಕ್ಕದ ಕುರ್ಚಿಯಲ್ಲಿ ಇಸ್ತ್ರಿಯಣ್ಣ. ಅದೇ ಹೊಲಿಗೆಮನೆಯಲ್ಲಿ ಇಸ್ತ್ರಿ ತಿಕ್ಕಿ ಬೆನ್ನು ಬಗ್ಗಿಸಿಕೊಂಡವನು.

ದೀಪ ಆರಿತು. ಪರದೆಯ ಮೇಲೆ ಚಿತ್ರದ ಹೆಸರು ಬಂತು: ‘ತಿರುಗುತೋಳು’. ತೋಳಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಸಿನಿಮಾ ನೋಡಲು ಬಂದವರಲ್ಲಿ ಎರಡು ಪಂಗಡ. ಮುಂದಿನ ಸಾಲುಗಳವರು ಮಾಸ್ಟರನ್ನು ಪತ್ರಿಕೆಗಳಲ್ಲಿ ಕಂಡವರು. ಹಿಂದಿನ ಸಾಲಿನವರು ಅವರನ್ನು ಬನಿಯನ್ನಿನಲ್ಲಿ ಕಂಡವರು. ಪರದೆಯ ಮೇಲೆ ಮಾಸ್ಟರು ಮೈಮೇಲಿದ್ದ ಜರ್ಕಿನ್ನನ್ನೇ ಕತ್ತರಿಯಿಂದ ಸೀಳಿಕೊಂಡಾಗ ಮುಂದಿದ್ದ ಹೆಂಗಸೊಬ್ಬರು ಕರವಸ್ತ್ರ ತೆಗೆದರು. ಇಸ್ತ್ರಿಯಣ್ಣ ಕಿಸಕ್ಕನೆ ನಕ್ಕ.

“ಜಿಪ್ಪು ಸಿಕ್ಕಾಕೊಂಡಿತ್ತಲ್ಲ ಅಕ್ಕ, ಜ್ಞಾಪಕ ಇದ್ಯಾ?”

ಆದರೆ ಮಾಸ್ಟರು ಅಳತೆ ಕೋಣೆಯ ಕನ್ನಡಿಗಳನ್ನು ಒಂದೊಂದಾಗಿ ಒಡೆದ ಕಥೆ ಬಂದಾಗ ಹಿಂದಿನ ಸಾಲೂ ತೆಪ್ಪಗಾಯಿತು. ಆ ಚೂರುಗಳನ್ನು ಗುಡಿಸಿದವರು ಅಲ್ಲೇ ಕೂತಿದ್ದರು.

ಆಮೇಲೆ ಬಂದವು ಆ ಹನ್ನೆರಡು ಕಪ್ಪು ಕೋಟುಗಳು.

ಕೋಟಿಗೆ ಕೂಡಿಸುವ ಮುಂಚೆ ತೋಳುಗಳು ನೋಡಲು ಎರಡೂ ಒಂದೇ ಥರ. ಯಾವುದು ಎಡ, ಯಾವುದು ಬಲ ಎಂದು ತಿಳಿಯಲು ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿರುತ್ತಾರೆ: ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಎರಡು. ಅದಲುಬದಲಾದರೆ ತೋಳು ಹಿಂದಕ್ಕೆ ಜೋಲುತ್ತದೆ, ಬೆನ್ನ ಹಿಂದಿನಿಂದ ಯಾರೋ ಜಗ್ಗಿದ ಹಾಗೆ. ಹದಿನಾಲ್ಕು ವರ್ಷದ ಹಿಂದೆ ಆದದ್ದು ಅದೇ. ಬಟ್ಟೆ ಕಪ್ಪು, ದಾರ ಕಪ್ಪು, ತೋಳಕ್ಕನ ಕಣ್ಣು ಮಂಜು. ಕನ್ನಡಕ ಹಾಕಿದರೆ ಕಣ್ಣು ಹೋಯಿತೆಂದು ಮನೆಗೆ ಕಳಿಸುತ್ತಾರೆ ಎಂಬ ಭಯಕ್ಕೆ ಆಕೆ ಯಾರಿಗೂ ಹೇಳಿರಲಿಲ್ಲ. ಎಡತೋಳಿನ ಕಟ್ಟನ್ನು ಬಲದ್ದೆಂದುಕೊಂಡು ಕೈ ಅಂದಾಜಿನಲ್ಲೇ ಹನ್ನೆರಡನ್ನೂ ಮುಗಿಸಿದ್ದಳು.

ಗೊತ್ತಾದದ್ದು ಫ್ಯಾಷನ್ ಶೋ ದಿನ, ಮಾಡೆಲ್ ಹುಡುಗಿಯರು ಕೋಟು ತೊಟ್ಟು ವೇದಿಕೆಗೆ ಹೊರಟು ನಿಂತಾಗ. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ. ಎಲ್ಲರೂ ಮಾಸ್ಟರ ಮುಖ ನೋಡಿದರು. ಮಾಸ್ಟರು ಕೋಟು ನೋಡಿದರು, ಆಮೇಲೆ ತೋಳಕ್ಕನನ್ನು ನೋಡಿದರು.

“ನಾನೇ ಹೇಳಿದ್ದು. ಹೀಗೇ ಹೋಗ್ಲಿ,” ಎಂದರು.

ಅವತ್ತು ಸಭೆ ನಕ್ಕಿತು. ಮಾರನೇ ದಿನ ಪತ್ರಿಕೆಗಳು ತಲೆ ಕೆಟ್ಟಿದೆ ಎಂದು ಬರೆದವು. ತಿಂಗಳೊಳಗೆ ಪಾಲುದಾರರು ಮಾಸ್ಟರನ್ನು ಅವರದೇ ಹೊಲಿಗೆಮನೆಯಿಂದ ಹೊರಗೆ ಹಾಕಿದರು. ಮುಂದೆ ಆಸ್ಪತ್ರೆ, ಮಾತ್ರೆ, ಮೌನ. ಒಂದು ಸಲ ಹುಚ್ಚನೆಂಬ ಹೆಸರು ಬಿದ್ದರೆ ಸೀನಿದರೂ ಹುಚ್ಚೇ. ಚಿತ್ರದ ನಿರೂಪಕ ಗಂಭೀರ ದನಿಯಲ್ಲಿ ಹೇಳುತ್ತಿದ್ದ: “ಕಾಣದ ಕೈಯೊಂದು ಅವರನ್ನು ಹಿಂದಕ್ಕೆ ಎಳೆಯುತ್ತಿತ್ತು.” ಆ ಕಾಣದ ಕೈ ಹಿಂದಿನ ಸಾಲಿನಲ್ಲಿ ಸೆರಗಿನ ತುದಿ ಹಿಂಡುತ್ತ ಕೂತಿತ್ತು.

ದೀಪ ಹತ್ತಿತು. ಚರ್ಚೆ ಶುರುವಾಯಿತು. ಒಬ್ಬರಿಗೆ ಆ ತೋಳುಗಳಲ್ಲಿ ಕಾಲದ ನೋವು ಕಂಡಿತ್ತು. ಇನ್ನೊಬ್ಬರಿಗೆ ತಾಯಿಯಿಲ್ಲದ ಮಗುವಿನ ಚಾಚಿದ ಕೈ. ಗಡ್ಡದವರೊಬ್ಬರು ಹತ್ತು ನಿಮಿಷ ಮಾತಾಡಿದರು, ಯಾರಿಗೂ ಏನೂ ತಿಳಿಯಲಿಲ್ಲ, ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು. ತೋಳಕ್ಕ ಬಾಯಿಗೆ ಬೀಗ ಹಾಕಿಕೊಂಡೇ ಇದ್ದಳು. ಸತ್ತವರಿಗೆ ಹೊಗಳಿಕೆ ಸಿಗುತ್ತಿದೆ, ಸಿಗಲಿ ಬಿಡು ಎಂದುಕೊಂಡಳು. ಅಲ್ಲದೆ ಪಕ್ಕದಲ್ಲಿ ಆ ನಾಲ್ಕು ಹುಡುಗಿಯರಿದ್ದರು. ತಮ್ಮ ಗುರು ಜನ್ಮದಲ್ಲಿ ಒಂದು ತೋಳನ್ನೂ ತಪ್ಪಾಗಿ ಕೂಡಿಸಿಲ್ಲವೆಂದು ಅವರು ನಂಬಿದ್ದರು.

ಆಗ ಮಾಸ್ಟರ ಮಗಳು ಎದ್ದು ನಿಂತಳು. ಹೊಲಿಗೆಮನೆಯ ಚಿಂದಿಗಳಲ್ಲಿ ಆಡಿ ಬೆಳೆದ ಪುಟ್ಟಿ. ಈಗ ಮೂವತ್ತೆರಡರ ಹೆಂಗಸು, ತಾನೂ ಬಟ್ಟೆ ಕತ್ತರಿಸುವವಳು.

“ಆ ಕೋಟು ನೋಡಿದ ದಿನಾನೇ ನಾನು ಅಪ್ಪನ ಹತ್ರ ಮಾತು ಬಿಟ್ಟೆ,” ಎಂದಳು. “ಹುಚ್ಚು ಹಿಡಿದಿದ್ದಕ್ಕೆ ಅದೇ ಸಾಕ್ಷಿ ಅಂತ ಎಲ್ರೂ ಹೇಳಿದ್ರು. ಈಗ ನನಗೇನಾದ್ರೂ ಹೊಸದು ಹೊಳೆದ್ರೆ ಭಯ ಆಗುತ್ತೆ. ಇದೂ ಅದೇನಾ ಅಂತ. ಆರು ತಿಂಗಳಾಯ್ತು, ಕತ್ತರಿ ಮುಟ್ಟಿಲ್ಲ. ಇನ್ನು ಮುಟ್ಟೋದೂ ಇಲ್ಲ.”

ಸಭೆ ಲೊಚಗುಟ್ಟಿತು. ತೋಳಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದಳು. ಮೈಕು ಬರುವವರೆಗೂ ಕಾಯಲಿಲ್ಲ.

“ಅದು ಹುಚ್ಚಲ್ಲ. ಅದು ನನ್ನ ತಪ್ಪು. ನಾನು ತೋಳು ಅದಲುಬದಲು ಮಾಡಿ ಕೂಡಿಸಿದ್ದು. ಮಾಸ್ಟರು ನನ್ನ ಮಾನ ಉಳಿಸೋಕೆ ತಾವೇ ಹೇಳಿದ್ದು ಅಂದ್ರು.”

ಗಡ್ಡದವರು ಎದ್ದು ಚಪ್ಪಾಳೆ ತಟ್ಟಿದರು, ಅವರ ಹಿಂದೆ ಸಭೆಯೆಲ್ಲ ಎದ್ದಿತು. ಎಂಥ ದೊಡ್ಡ ಮನಸ್ಸು, ಒಡೆಯರ ಹೊರೆಯನ್ನು ತನ್ನ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದಾರೆ ಎಂದು ಯಾರೋ ಕಣ್ಣೊರೆಸಿಕೊಂಡರು. ಚಿತ್ರ ಮಾಡಿದ ನಿರ್ದೇಶಕಿ ಮೈಕು ಹಿಡಿದು ನಯವಾಗಿ ಕೇಳಿದಳು, “ಒಂದರ್ಥದಲ್ಲಿ ಮಾಸ್ಟರೇ ನಿಮ್ಮ ಕೈಯಿಂದ ಅದನ್ನ ಮಾಡಿಸಿದ್ರು ಅನ್ನಬಹುದಲ್ವಾ?”

“ಅನ್ನಬಾರದಮ್ಮ. ನನಗೆ ಕಣ್ಣು ಕಾಣ್ತಿರ್ಲಿಲ್ಲ, ಅಷ್ಟೆ.”

ಸಭೆ ಗೊಳ್ಳೆಂದಿತು. ನಂಬಿದವರು ಹಿಂದಿನ ಸಾಲಿನವರು ಮಾತ್ರ. ಇಸ್ತ್ರಿಯಣ್ಣ ತಲೆ ತಗ್ಗಿಸಿದ. “ಇಸ್ತ್ರಿ ಹಾಕುವಾಗ್ಲೇ ನನಗೆ ಕಂಡಿತ್ತಕ್ಕ. ಮಾಸ್ಟರ ಹೊಸ ಹುಚ್ಚಿರಬೇಕು ಅಂತ ಸುಮ್ನಾದೆ,” ಎಂದು ಗೊಣಗಿದ. ನಾಲ್ಕು ಹುಡುಗಿಯರಲ್ಲಿ ಚಿಕ್ಕವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. “ಹನ್ನೆರಡೂನಾ ಅಕ್ಕ?” ಎಂದಳು. ತೋಳಕ್ಕ ಹೌದೆಂದು ತಲೆಯಾಡಿಸಿದಳು. ಇಪ್ಪತ್ತಾರು ವರ್ಷದ ಹೆಸರು ಅಲ್ಲಿಗೆ ಹೋಯಿತು. ನಾಚಿಕೆಯಾಯಿತು, ಆದರೆ ಅಂದುಕೊಂಡಷ್ಟಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಪುಟ್ಟಿ ಆಕೆಯ ಕೈ ಹಿಡಿದು ನಿಲ್ಲಿಸಿದಳು.

“ನನ್ನ ಸಮಾಧಾನಕ್ಕೆ ಹೇಳಿದ್ರಾ?”

“ಇಲ್ಲ ಪುಟ್ಟಿ. ಸಮಾಧಾನ ಮಾಡೋ ಬುದ್ಧಿ ನನಗೆಲ್ಲಿದೆ?”

“ಆಮೇಲೆ ಅಪ್ಪ ಏನಂದ್ರು?”

“ಬಾಗಿಲು ಹಾಕಿ ಬೈದ್ರು. ಕಣ್ಣು ಕಾಣದಿದ್ರೆ ಹೇಳೋಕೆ ಬಾಯಿ ಇರ್ಲಿಲ್ವಾ ಅಂತ. ಆಮೇಲೆ, ‘ನನ್ನನ್ನ ಹೇಗಿದ್ರೂ ಹುಚ್ಚ ಅಂತಾರೆ, ಇನ್ನೊಂದು ಸಲ ಅಂದ್ರೆ ಏನೂ ಕಮ್ಮಿಯಾಗಲ್ಲ. ನಿನ್ನ ಕುರುಡಿ ಅಂದ್ರೆ ನಿನ್ನ ಮನೆ ಒಲೆ ಹತ್ತಲ್ಲ. ಬಾಯಿ ಮುಚ್ಕೊಂಡು ಹೋಗಿ ಕನ್ನಡಕ ಮಾಡಿಸ್ಕೋ’ ಅಂದ್ರು.”

ಪುಟ್ಟಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಹಾಗಾದ್ರೆ ಅಪ್ಪನಿಗೆ ಏನೂ ಆಗಿರ್ಲಿಲ್ವಾ?”

“ಆಗಿತ್ತು. ಸುಳ್ಳು ಹೇಳಲ್ಲ. ಕನ್ನಡಿ ಒಡೆದಿದ್ದು ನಿಜ, ರಾತ್ರಿಯೆಲ್ಲ ಅತ್ತಿದ್ದು ನಿಜ. ಆದ್ರೆ ಆ ದಿನ ಅಲ್ಲ. ಆ ದಿನ ಅಲ್ಲಿದ್ದವರಲ್ಲಿ ನೆಟ್ಟಗಿದ್ದವರು ಅವರೊಬ್ರೇ.”

“ನನಗಾದ್ರೂ ಹೇಳಬಹುದಿತ್ತು ಅಪ್ಪ.”

“ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಪತ್ರಿಕೆಯವರ ಹತ್ರ ಓಡ್ತಿದ್ದೆ.”

“ಓಡ್ತಿದ್ದೆ,” ಎಂದು ಪುಟ್ಟಿ ಒಪ್ಪಿಕೊಂಡಳು. ಆಮೇಲೆ ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು, ದನಿ ಗಡುಸಾಗಿತ್ತು. “ಅಪ್ಪ ಹನ್ನೊಂದು ವರ್ಷ ಬದುಕಿದ್ರು ಅಕ್ಕ. ಅಷ್ಟೂ ದಿನ ನಾನು ಮಾತಾಡಿಸ್ಲಿಲ್ಲ. ನೀವಾದ್ರೂ ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು,” ಎಂದಳು ತೋಳಕ್ಕ.

ಪುಟ್ಟಿ ಎದ್ದು ಹೋಗುತ್ತಾಳೆ ಎಂದುಕೊಂಡಳು. ಹೋಗಲಿಲ್ಲ. ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

“ಕೂತ್ಕೊಳ್ಳಿ. ಬೈತಾ ಇದ್ರಲ್ಲ ಅಪ್ಪ, ಅವತ್ತು ಹೇಗೆ ನಿಂತಿದ್ರು, ಕೈ ಎಲ್ಲಿತ್ತು, ಎಲ್ಲಾ ಹೇಳಿ. ಒಂದೂ ಬಿಡ್ಬೇಡಿ.”